ಲ್ಯಾಬ್ ಬಿಟ್ಟು ವ್ಯಾಪಾರಕ್ಕೆ ಯಾಕೆ ಬಂದೆ?

ತೀರ್ಥಹಳ್ಳಿ ಕಡೆ ಯಾವ ಮದುವೆಮನೆಗೆ ಹೋದರೂ ಊಟದ ಪಂಕ್ತಿಯಲ್ಲಿ ಒಬ್ಬರಾದರೂ ಕೇಳುತ್ತಾರೆ: "ಬಯೋಟೆಕ್ನಾಲಜಿಯಲ್ಲಿ ಪಿಎಚ್‌ಡಿ ಮಾಡಿದೆ, ಕಂಪನಿ ಸೇರಿದೆ, ಈಗ ಪೇಟೆಂಟು, ಲೈಸೆನ್ಸು ಅಂತ ಓಡಾಡ್ತೀಯ. ಸಂಶೋಧನೆ ಯಾಕೆ ಬಿಟ್ಟೆ ಮಾರಾಯ?"

ಸಂಶೋಧನೆ ಬಿಡಲಿಲ್ಲ. ಲ್ಯಾಬಿನಿಂದ ಹೊರಗೆ ಬಂದೆ, ಅಷ್ಟೇ. ಅದಕ್ಕೆ ಕಾರಣ ನಮ್ಮ ಮಾವನ ಮನೆಯ ಅಟ್ಟದಲ್ಲಿ ಸಿಕ್ಕ ಒಂದು ಪೊಟ್ಟಣ.

ನನ್ನ ಕೆಲಸ ಟ್ರೈಕೋಡರ್ಮಾ ಮೇಲೆ. ಅದು ಬೆಳೆಗೆ ರೋಗ ತರುವ ಜೀವಿಗಳನ್ನು ಹತ್ತಿಕ್ಕುವ ಒಂದು ಶಿಲೀಂಧ್ರ. ಮಳೆಗಾಲದಲ್ಲಿ ಮೆಣಸಿನ ಬಳ್ಳಿ ವಾರದೊಳಗೆ ಸೊರಗಿ ಎಲೆ ಉದುರಿಸುತ್ತದಲ್ಲ, ಅದನ್ನು ತರುವುದು ಫೈಟಾಫ್ತೊರಾ ಅನ್ನುವ ರೋಗಾಣು. ಗಾಜಿನ ತಟ್ಟೆಯಲ್ಲಿ ಎರಡನ್ನೂ ಎದುರುಬದುರು ಬೆಳೆಸಿದರೆ ಕೆಲವೇ ದಿನದಲ್ಲಿ ಟ್ರೈಕೋಡರ್ಮಾ ಹಸಿರು ಪುಡಿ ಚೆಲ್ಲಿದ ಹಾಗೆ ಹಬ್ಬಿ ಅದನ್ನು ಮುಚ್ಚಿಬಿಡುತ್ತದೆ. ಆ ತಟ್ಟೆ ನೋಡಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಮಾವ ಮಾತ್ರ, "ನಿಮ್ಮ ಟ್ರೈಕೋಡರ್ಮಾ ಹಾಕಿದ್ದೆ, ಬಳ್ಳಿ ಉಳೀಲಿಲ್ಲ" ಅಂದರು. ಅಂಗಡಿಯಿಂದ ತಂದ ಪೊಟ್ಟಣದಲ್ಲಿ ಅರ್ಧ ಇನ್ನೂ ಅಟ್ಟದ ಮೇಲಿತ್ತು. ಕೆಳಗೆ ಅಡುಗೆ ಒಲೆ. ಪುಡಿ ಗಂಟು ಕಟ್ಟಿತ್ತು. ಲ್ಯಾಬಿಗೆ ಒಯ್ದು ಬೆಳೆಸಿ ನೋಡಿದೆ. ನಿಯಮದ ಪ್ರಕಾರ ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 20 ಲಕ್ಷ ಜೀವಂತ ಕಣ ಇರಬೇಕು, ತೇವ ಶೇ. 8 ದಾಟಬಾರದು. ನನ್ನ ತಟ್ಟೆಯಲ್ಲಿ ಎದ್ದಿದ್ದು ಬೆರಳೆಣಿಕೆಯ ಚುಕ್ಕೆ. ತಯಾರಾದ ದಿನ ಪುಡಿ ಚೆನ್ನಾಗಿಯೇ ಇದ್ದಿರಬಹುದು. ಲಾರಿ, ಗೋಡೌನು, ಅಂಗಡಿ, ಅಟ್ಟ ಅಂತ ಸುತ್ತಿ ಬರುವಷ್ಟರಲ್ಲಿ ಸತ್ತಿತ್ತು.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ನೋಡಿ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಗೆ ಅದನ್ನು ಹೊಡೆಯಲು ಹೇಳಿಕೊಟ್ಟರು. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಅಂಗಳದ ಡ್ರಮ್ಮಿನಲ್ಲೇ ಕಲಸಿ ಅವತ್ತೇ ಹೊಡೆಯಬಹುದು. ಅದರಲ್ಲಿ ಸಾಯುವಂಥದ್ದು ಏನೂ ಇಲ್ಲ. ನಮ್ಮದು ಜೀವ ಇರುವ ಸರಕು. ಅದನ್ನು ಬದುಕಿಸಿ ತೋಟದವರೆಗೆ ತಲುಪಿಸುವುದೇ ದೊಡ್ಡ ಸಂಶೋಧನೆ ಅಂತ ನನಗೆ ಅನ್ನಿಸಿದ್ದು ಆವಾಗ. ಅದಕ್ಕೇ ಕಂಪನಿ ಸೇರಿದೆ. ಪುಡಿ ಒಣಗಿಸುವುದು, ತೇವ ಒಳಗೆ ಹೋಗದ ಪೊಟ್ಟಣ, ರೈತರಿಗೆ ಎಟುಕುವ ಬೆಲೆ, ನೋಂದಣಿ ಕಾಗದ, ಎಲ್ಲ ಕಲಿತಿದ್ದು ಅಲ್ಲೇ.

ಈಗ ವಿಜ್ಞಾನಿಗಳಿಗೂ ಕಂಪನಿಗಳಿಗೂ ನಡುವೆ ಒಪ್ಪಂದ ಮಾಡಿಸುತ್ತೇನೆ. ವಿಜ್ಞಾನಿಗಳು ಕಂಡುಹಿಡಿದದ್ದನ್ನು ಬಳಸಲು ಕಂಪನಿ ಮೊದಲು ಒಂದಿಷ್ಟು ಶುಲ್ಕ, ಆಮೇಲೆ ಮಾರಾಟದ ಮೇಲೆ ರಾಯಲ್ಟಿ ಕೊಡುತ್ತದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೋ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದಲ್ಲೋ ಓದುವ ಮಕ್ಕಳು ಸಿಕ್ಕರೆ, ಪೇಪರ್ ಅಚ್ಚಾಗುವ ಮುಂಚೆ ಪೇಟೆಂಟ್ ಅರ್ಜಿ ಹಾಕಿ ಅಂತ ದಯವಿಟ್ಟು ಕೇಳಿಕೊಳ್ಳುತ್ತೇನೆ. ಅಚ್ಚಾದ ಮೇಲೆ ಅದು ಹೊಸದಲ್ಲ. ಮಣ್ಣಲ್ಲಿ ಸಿಕ್ಕ ಜೀವಿಗೇ ನಮ್ಮ ದೇಶದಲ್ಲಿ ಪೇಟೆಂಟ್ ಸಿಗುವುದಿಲ್ಲ. ಅದನ್ನು ಬಳಸಿ ನೀವು ಕಂಡುಹಿಡಿದ ಹೊಸ ವಿಧಾನಕ್ಕೆ ಸಿಗಬಹುದು. ಒಪ್ಪಂದದಲ್ಲಿ ನಾನು ಹಟ ಹಿಡಿದು ಹಾಕಿಸುವ ಮಾತು ಒಂದಿದೆ: ಮಳೆಗಾಲದಲ್ಲಿ ಅಂಗಡಿಯಿಂದಲೇ ಪೊಟ್ಟಣ ಕೊಂಡು ಪರೀಕ್ಷೆ ಮಾಡಬೇಕು.

ಮೊನ್ನೆ ಮಾವ ಫೋನ್ ಮಾಡಿದ್ದರು. "ಪೊಟ್ಟಣ ತಂದಿದ್ದೀನಿ, ಎಲ್ಲಿಡ್ಲಿ?"

"ಇಡೋದೇ ಬೇಡ ಮಾವ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಗೆ ಇವತ್ತೇ ಬೆರೆಸಿ, ನೆರಳಲ್ಲಿ ಮುಚ್ಚಿಡಿ. ಭಾನುವಾರ ನಾನೂ ಬರ್ತೀನಿ, ನೋಡೋಣ."