ಮಣ್ಣಿನ ತಿರುಳು, ಗಾಜಿನ ಹೂಜಿ: ಅಮರ್ನಾ ಪದ್ಧತಿಯಲ್ಲಿ ಒಂದು ದಿನದ ಕೆಲಸ

ಬೆಳಿಗ್ಗೆ ಕುಲುಮೆ ಹೊತ್ತಿಸುವ ಹೊತ್ತಿಗೆ ಮಣ್ಣಿನ ತಿರುಳು ಸಿದ್ಧವಾಗಿರಲೇಬೇಕು. ಮೂರೂವರೆ ಸಾವಿರ ವರ್ಷದ ಹಿಂದಿನ ಈಜಿಪ್ಟಿನ, ಅದರ ಹಳೆಯ ರಾಜಧಾನಿ ಅಮರ್ನಾದ ನಮೂನೆಯ ಗಾಜಿನ ಹೂಜಿಗೆ ಜೀವಾಳ ಗಾಜಲ್ಲ, ಈ ತಿರುಳು. ಆಗಿನ್ನೂ ಗಾಜನ್ನು ಊದುವುದು ಗೊತ್ತಿರಲಿಲ್ಲ. ಅದು ಬಂದದ್ದು ಕ್ರಿ.ಪೂ. ಒಂದನೆಯ ಶತಮಾನದಲ್ಲಿ, ಸಿರಿಯಾ–ಪ್ಯಾಲೆಸ್ಟೈನ್ ಕರಾವಳಿಯ ಕಡೆಯಿಂದ. ಅದಕ್ಕೆ ಮೊದಲು ಪಾತ್ರೆಯ ಹೊಟ್ಟೆ ಟೊಳ್ಳಾಗಬೇಕಾದರೆ ಲೋಹದ ಸರಳಿಗೆ ಮೆತ್ತಿದ ಮಣ್ಣಿನ ಮೇಲೆ ಗಾಜು ಸುತ್ತಿ, ತಣಿದ ಮೇಲೆ ಒಳಗಿನ ಮಣ್ಣು ಕೆರೆದು ತೆಗೆಯಬೇಕಿತ್ತು. ಈಜಿಪ್ಟಿನ ಫೇರೋ, ಅಂದರೆ ದೊರೆ, ಮೂರನೆಯ ಥಟ್ಮೋಸನ ಹೆಸರಿರುವ ಪುಟ್ಟ ಹೂಜಿಯೊಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಎತ್ತರ 9 ಸೆಂ.ಮೀ. ಕೂಡ ಇಲ್ಲ. ನಾವು ಕೈಹಾಕಿದ್ದೂ ಅಷ್ಟೇ ಗಾತ್ರದ್ದಕ್ಕೆ: ನೀಲಿ ಮೈ, ಅದರ ಮೇಲೆ ಹಳದಿ–ಬಿಳಿ ಗರಿಚಿತ್ತಾರ, ಒಂದು ಹಿಡಿ, ಒಂದು ಪಾದ.

ತಿರುಳಿನ ಅಳತೆ ಹೀಗೆ: ಎರಡು ಪಾಲು ಸಣ್ಣ ಮರಳು, ಒಂದು ಪಾಲು ಜೇಡಿಮಣ್ಣು, ಒಂದೂವರೆ ಪಾಲು ಒಣಗಿಸಿ ಜರಡಿ ಹಿಡಿದ ಸಗಣಿ. ಎರಕ ಹೊಯ್ಯುವವರಿಗೆ ಈ ಮಿಶ್ರಣದ ಮರ್ಮ ಹೇಳಬೇಕಿಲ್ಲ. ಸಗಣಿಯ ನಾರು ಸುಟ್ಟುಹೋಗಿ ಮಣ್ಣಿನೊಳಗೆ ಸಣ್ಣ ಸಣ್ಣ ತೂತುಗಳು ಉಳಿಯುತ್ತವೆ. ತಿರುಳು ನಿಲ್ಲುವಷ್ಟು ಗಟ್ಟಿ, ಒತ್ತಿದರೆ ಪುಡಿಯಾಗುವಷ್ಟು ಮೆದು. ಮೆದುತನ ಯಾಕೆ ಬೇಕು ಅಂದರೆ, ಸೋಡಾ ಗಾಜು ತಣಿಯುವಾಗ ಸುಟ್ಟ ಮಣ್ಣಿಗಿಂತ ಹೆಚ್ಚುಕಡಿಮೆ ಎರಡರಷ್ಟು ಕುಗ್ಗುತ್ತದೆ. 40 ಮಿ.ಮೀ. ಅಗಲದ ಪಾತ್ರೆ 500 ಡಿಗ್ರಿ ಸೆಲ್ಸಿಯಸ್‌ನಿಂದ ಹೊರಗಿನ ಶಾಖಕ್ಕೆ ಇಳಿಯುವಷ್ಟರಲ್ಲಿ ಸುಮಾರು 0.17 ಮಿ.ಮೀ. ಬಿಗಿಯುತ್ತದೆ. ನೋಡಲು ಏನೂ ಅಲ್ಲ. ಆದರೆ ಒಳಗಿನ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿದ್ದರೆ ಅಷ್ಟರಲ್ಲೇ ಗಾಜು ಉದ್ದಕ್ಕೆ ಸೀಳುತ್ತದೆ. ಜೇಡಿ ಹೆಚ್ಚಾದರೆ ಈ ಗತಿ. ಸಗಣಿ ಹೆಚ್ಚಾದರೆ ಗಾಜು ಸುತ್ತುವ ಮೊದಲೇ ತಿರುಳು ಸರಳಿನಿಂದ ಜಾರಿ ಕುಲುಮೆಯೊಳಗೆ ಬೀಳುತ್ತದೆ.

ಸರಳು 6 ಮಿ.ಮೀ. ದಪ್ಪದ ಉಕ್ಕಿನದು, ತುದಿಯ ಕಡೆ ತುಸು ಸಪೂರ. ಈಜಿಪ್ಟಿನವರು ತಾಮ್ರವನ್ನೋ ಕಂಚನ್ನೋ ನೆಚ್ಚಿಕೊಂಡಿರಬೇಕು, ಕಬ್ಬಿಣದ ಬಳಕೆ ಆಗ ಇನ್ನೂ ಅಪರೂಪ. ಹೊಟ್ಟೆ 4 ಸೆಂ.ಮೀ. ಅಗಲ ಬರುವಂತೆ ಮಣ್ಣು ಮೆತ್ತಿ, ಕತ್ತನ್ನು ಸರಳಿಗಿಂತ ಸ್ವಲ್ಪವೇ ದಪ್ಪ ಇಟ್ಟು, ನೆರಳಲ್ಲಿ ನಾಲ್ಕೈದು ದಿನ ಒಣಗಿಸಿದ್ದಾಯಿತು. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಗಾಜು ಮುಟ್ಟಿಸುವ ಮೊದಲು ತಿರುಳನ್ನು ಕುಲುಮೆಯ ಬಾಯಲ್ಲಿ ಮೆಲ್ಲಗೆ ಕೆಂಪಗಾಗುವವರೆಗೆ ಕಾಯಿಸಬೇಕು. ಒಂದು ಹನಿ ತೇವ ಉಳಿದರೂ ಆವಿ ಗಾಜನ್ನು ಉಬ್ಬಿಸಿ ತೂತು ಮಾಡಿಕೊಂಡು ಹೊರಬರುತ್ತದೆ. ಮೊದಲು ಹೊಗೆ, ಆಮೇಲೆ ಸಗಣಿ ಉರಿಯುವ ಸಣ್ಣ ಜ್ವಾಲೆ. ಅದು ತಾನಾಗಿ ಆರಿದ ಮೇಲೂ ಹತ್ತು ನಿಮಿಷ ಬಿಡುವುದು ಒಳ್ಳೆಯದು.

ಮೂಸೆಯಲ್ಲಿ ನೀಲಿ ಗಾಜು 1,050 ಡಿಗ್ರಿಯ ಆಸುಪಾಸಿನಲ್ಲಿತ್ತು. ನಮ್ಮದು ಗ್ಯಾಸ್ ಕುಲುಮೆ, ಅಳೆಯಲು ಥರ್ಮೋಕಪಲ್. ಸೌದೆಯಿಂದ ಈ ಶಾಖ ಬರುತ್ತದೆಯೇ ಎಂಬ ಸಂದೇಹ ಬೇಡ. 1996ರಲ್ಲಿ ಪುರಾತತ್ವ ಸಂಶೋಧಕರಾದ ಪಾಲ್ ನಿಕಲ್ಸನ್ ಮತ್ತು ಕ್ಯಾರೊಲೈನ್ ಜಾಕ್ಸನ್ ಅಮರ್ನಾದಲ್ಲೇ ಹಳೆಯ ನಮೂನೆಯ ಕುಲುಮೆ ಕಟ್ಟಿ, ಅಲ್ಲಿನ ಮರಳಿನಿಂದ ಗಾಜು ಕರಗಿಸಿ ತೋರಿಸಿದ್ದಾರೆ. ಆದರೆ ಪ್ರತಿ ಕಮ್ಮಟವೂ ಮರಳಿನಿಂದಲೇ ಶುರುಮಾಡಬೇಕಿರಲಿಲ್ಲ. ಗಾಜು ಮಾಡುವುದು ಒಂದು ಕಸುಬು, ಗಾಜಿನಿಂದ ಪಾತ್ರೆ ಮಾಡುವುದು ಇನ್ನೊಂದು. ಟರ್ಕಿಯ ಕರಾವಳಿಯಲ್ಲಿ ಮುಳುಗಿದ್ದ, ಕ್ರಿ.ಪೂ. 14ನೆಯ ಶತಮಾನದ ಕೊನೆಯ ಉಲುಬುರುನ್ ಹಡಗಿನಲ್ಲಿ ಸುಮಾರು 175 ಗಾಜಿನ ಗಟ್ಟಿಗಳು ಸಿಕ್ಕಿವೆ, ಹೆಚ್ಚಿನವು ನೀಲಿ. ಅಮರ್ನಾದಲ್ಲಿ ಸಿಕ್ಕ, ಜೇಡಿಮಣ್ಣಿನ ಹಲಗೆಗಳ ಮೇಲಿನ ಪತ್ರಗಳಲ್ಲಿ ಪ್ಯಾಲೆಸ್ಟೈನ್ ಕರಾವಳಿಯ ಅಷ್ಕೆಲೋನಿನ ಅರಸ ತಾನು ಫೇರೋಗೆ 30 ತುಂಡು ಗಾಜು ಕಳಿಸಿದ್ದೇನೆ ಎಂದು ಬರೆಸಿದ್ದಾನೆ.

ಸುತ್ತುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಸರಳು ತಿರುಗಿಸುತ್ತಿರಬೇಕು, ಇನ್ನೊಬ್ಬರು ಮೂಸೆಯಿಂದ ತೆಗೆದ ಗಾಜನ್ನು ಎಳೆಯಾಗಿ ಇಳಿಬಿಡಬೇಕು. ಹಳಬರು ತಿರುಳನ್ನೇ ಗಾಜಿನಲ್ಲಿ ಅದ್ದುತ್ತಿದ್ದರೋ, ಎಳೆ ಸುತ್ತುತ್ತಿದ್ದರೋ, ಪುಡಿಗಾಜಿನಲ್ಲಿ ಹೊರಳಿಸುತ್ತಿದ್ದರೋ ಎಂಬ ವಾದ ಇನ್ನೂ ನಡೆದೇ ಇದೆ. ಮಾಡಿ ನೋಡಿದರೆ ಎಳೆಯೇ ಕೈಗೆ ಸಲೀಸು, ದಪ್ಪ ನಮ್ಮ ಹಿಡಿತದಲ್ಲಿರುತ್ತದೆ. ಬುಡದಿಂದ ಶುರುಮಾಡಿ ಕತ್ತಿನವರೆಗೆ ಒಂದರ ಪಕ್ಕ ಒಂದು ಸುತ್ತು; ನಡುವೆ ಸಂದು ಬಿಟ್ಟರೆ ಗಾಳಿ ಸಿಕ್ಕಿಕೊಂಡು ಗುಳ್ಳೆ. ಮತ್ತೆ ಕಾಯಿಸಿ, ಚಪ್ಪಟೆ ಕಲ್ಲಿನ ಮೇಲೆ ಹೊರಳಿಸಿದಾಗ ಸುತ್ತುಗಳು ಬೆರೆತು 3 ಮಿ.ಮೀ. ದಪ್ಪದ ಒಂದೇ ಮೈಯಾಗುತ್ತದೆ. ತಿರುಗಿಸುವ ಕೈ ನಿಲ್ಲಲೇ ಕೂಡದು. ನಿಂತರೆ ಗಾಜು ಒಂದು ಮಗ್ಗುಲಿಗೆ ಇಳಿದು ಹೊಟ್ಟೆ ಸೊಟ್ಟಗಾಗುತ್ತದೆ, ಆಮೇಲೆ ಎಷ್ಟು ಹೊರಳಿಸಿದರೂ ನೆಟ್ಟಗಾಗುವುದಿಲ್ಲ.

ಚಿತ್ತಾರಕ್ಕೆ 2 ಮಿ.ಮೀ.ನ ಹಳದಿ ಎಳೆ, ಅದರ ಪಕ್ಕ ಬಿಳಿ, ಮತ್ತೆ ಹಳದಿ. ಆ ಕಾಲದ ಹಳದಿ ಸೀಸ–ಆಂಟಿಮನಿಯದು, ಬಿಳಿ ಕ್ಯಾಲ್ಸಿಯಂ–ಆಂಟಿಮನಿಯದು. ಕಡುನೀಲಿಗೆ ಕೋಬಾಲ್ಟ್, ಅದು ಪಶ್ಚಿಮ ಮರುಭೂಮಿಯ ಖರ್ಗಾ, ದಖ್ಲಾ ಓಯಸಿಸ್‌ಗಳ ಪಟಿಕದಿಂದ ಬರುತ್ತಿತ್ತು. ಸೀಸ ಇರುವ ಹಳದಿ ಉಳಿದವುಗಳಿಗಿಂತ ಬೇಗ ಮೆದುವಾಗುತ್ತದೆ, ಆದ್ದರಿಂದ ಹೆಚ್ಚು ಕಾಯಿಸಿದರೆ ಬಿಳಿಯ ಪಕ್ಕದಲ್ಲಿ ಕರಗಿ ಹರಡುತ್ತದೆ. ಎಳೆಗಳು ಮೈಯಲ್ಲಿ ಅರ್ಧ ಹುದುಗುವವರೆಗೆ ಕಾಯಿಸಿ ಹೊರಳಿಸಿದ ಮೇಲೆ ಕೊಕ್ಕೆ: ಬಾಗಿದ ಲೋಹದ ಮೊನೆಯನ್ನು ಬುಡದಿಂದ ಮೇಲಕ್ಕೆ ಒಂದು ಸಲ, ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ಇನ್ನೊಂದು ಸಲ ಎಳೆದರೆ ಅಡ್ಡಗೆರೆಗಳು ಗರಿಯಾಗಿ ಬಾಗುತ್ತವೆ. ಇಡೀ ದಿನದಲ್ಲಿ ಕೈಗೆ ಖುಷಿ ಕೊಡುವ ಕೆಲಸ ಇದೊಂದೇ. ಮೈ ತಂಪಾಗಿದ್ದರೆ ಕೊಕ್ಕೆ ಜಾರುತ್ತದೆ, ಬಿಸಿ ಹೆಚ್ಚಿದ್ದರೆ ಗಾಜನ್ನೇ ಕಿತ್ತು ತಿರುಳು ಕಾಣಿಸುತ್ತದೆ. ಎರಡು ಮೂರು ಗೆರೆ ಆದೊಡನೆ ಕೊಕ್ಕೆಯನ್ನು ನೀರಿಗದ್ದಿ ಒರೆಸಿಕೊಳ್ಳಬೇಕು. ಕಾದ ಲೋಹಕ್ಕೆ ಗಾಜು ಅಂಟುತ್ತದೆ, ಅದರ ಕಿಲುಬು ಬಿಳಿ ಎಳೆಯ ಮೇಲೆ ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ.

ಬಾಯಿಯ ಅಂಚಿಗೆ ಒಂದು ಸುತ್ತು, ಬುಡಕ್ಕೆ ಒಂದು ಬಿಲ್ಲೆ ಗಾಜು ಅಂಟಿಸಿ ಚಿಮಟದಲ್ಲಿ ಒತ್ತಿದರೆ ಪಾದ. ಹಿಡಿಯೇ ಹೆದರಿಕೆ. ಆ ಹೊತ್ತಿಗೆ ಮೈ 520 ಡಿಗ್ರಿಗಿಂತ ಕೆಳಗಿಳಿದಿದ್ದರೆ ಬಿಸಿ ಎಳೆ ತಗುಲಿದ ಜಾಗದಲ್ಲಿ ಟಕ್ ಎಂದು ಬಿರುಕು. ಬಣ್ಣಗಳ ಹಿಗ್ಗು–ಕುಗ್ಗು ಒಂದಕ್ಕೊಂದು ಹೊಂದದಿದ್ದರೆ ಸದ್ದು ಆಗಲೇ ಕೇಳುವುದಿಲ್ಲ, ವಾರ ಕಳೆದ ಮೇಲೆ ಬಿಳಿ ಎಳೆಯ ಗುಂಟ ಸೀಳು ಕಾಣಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಕ್ಕ ಸಿಕ್ಕ ಬಣ್ಣದ ಗಾಜಿನ ಕಡ್ಡಿ ಸೇರಿಸುವವರು ಮೊದಲು ಒಂದು ಮಣಿ ಮಾಡಿ ಪರೀಕ್ಷಿಸುವುದು ಮೇಲು.

ಕುಲುಮೆಯ ಎದುರು ಕಳೆದದ್ದು ಎರಡು ತಾಸಿನ ಚಿಲ್ಲರೆ. ಊದುವವನು ಅಷ್ಟರಲ್ಲಿ ಹತ್ತಾರು ಲೋಟ ಮಾಡಿಟ್ಟಿರುತ್ತಾನೆ. ರೋಮಿನಲ್ಲಿ ಒಂದು ತಾಮ್ರದ ನಾಣ್ಯಕ್ಕೆ ಗಾಜಿನ ಬಟ್ಟಲು ಸಿಗುತ್ತದೆ ಎಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆಯುವ ಹೊತ್ತಿಗೆ ತಿರುಳಿನ ಪಾತ್ರೆಗಳ ಕಾಲ ಮುಗಿದಿತ್ತು.

ಹೂಜಿಯನ್ನು ಸರಳಿನ ಸಮೇತ ತಣಿಸುವ ಗೂಡಿಗೆ ಇಟ್ಟು, 510 ಡಿಗ್ರಿಯಲ್ಲಿ ಒಂದು ಗಂಟೆ ನಿಲ್ಲಿಸಿ, ರಾತ್ರಿಯಿಡೀ ಮೆಲ್ಲಗೆ ಇಳಿಸಿದೆವು. ಉಕ್ಕು ಗಾಜಿಗಿಂತ ಹೆಚ್ಚು ಕುಗ್ಗುವುದರಿಂದ ಬೆಳಿಗ್ಗೆ ಸರಳು ತಾನೇ ಸಡಿಲವಾಗಿರುತ್ತದೆ. ಎಳೆಯಬಾರದು, ತಿರುಚಿ ಬಿಡಿಸಬೇಕು. ಆಮೇಲೆ ಹೂಜಿಯನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಬಾಗಿಸಿದ ತಂತಿಯಿಂದ ಸ್ವಲ್ಪ ಸ್ವಲ್ಪವೇ ಕೆರೆಯುವುದು. ನಡುಭಾಗ ಸುಲಭವಾಗಿ ಬರುತ್ತದೆ. ಕತ್ತಿನ ಕೆಳಗಿನ ಭುಜಕ್ಕೆ ತಂತಿ ತಲುಪುವುದಿಲ್ಲ, ಅಲ್ಲಿ ಬೂದು ಬಣ್ಣದ ಪದರ ಉಳಿದೇ ಉಳಿಯುತ್ತದೆ. ಅಸಲಿ ಪಾತ್ರೆಗಳಲ್ಲೂ ಹಾಗೆಯೇ. ನೀರು ಕುಡಿಯಲು ಅಂಥ ಪಾತ್ರೆ ಯಾರಿಗೂ ಬೇಡ. ಪರಿಮಳದೆಣ್ಣೆ, ಮುಲಾಮು, ಕಾಡಿಗೆಗೆ ಆ ಒರಟು ಒಳಮೈಯಿಂದ ಏನೂ ತೊಂದರೆಯಿಲ್ಲ.