ಮನೆ ತೋರಿಸುವ ಮೊದಲು ನೀರು ಹೋಗುವ ದಾರಿ ನೋಡಬೇಕಿತ್ತು

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಪಶ್ಚಿಮ ಭಾಗದಲ್ಲಿ, ವಿಟ್ನಿ ಪಟ್ಟಣದ ಸುತ್ತಮುತ್ತಲಿನ ಹಳ್ಳಿಮನೆಗಳನ್ನು ಮಾರಿಸಿಕೊಡುವ ಎಸ್ಟೇಟ್ ಏಜೆಂಟ್ ಕಚೇರಿಯೊಂದರಲ್ಲಿ ನಾನು ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮನೆಗೆ ಹೋಗಿ ಬೆಲೆ ಕಟ್ಟುವುದು, ಕೋಣೆಗಳನ್ನು ಅಳೆಯುವುದು, ವಿವರಪತ್ರ ಬರೆಯುವುದು, ಕೊಳ್ಳುವವರನ್ನು ಕರೆದೊಯ್ದು ತೋರಿಸುವುದು, ಬೆಲೆ ಕುದುರಿದ ಮೇಲೆ ಎರಡೂ ಕಡೆಯ ಸಾಲಿಸಿಟರುಗಳ, ಎಂದರೆ ಮಾರಾಟದ ಕಾಗದಪತ್ರ ನೋಡಿಕೊಳ್ಳುವ ವಕೀಲರ, ಹಿಂದೆ ಬಿದ್ದು ವ್ಯವಹಾರವನ್ನು ದಡ ಸೇರಿಸುವುದು ನನ್ನ ಕೆಲಸ. ಈ ಒಂಬತ್ತು ವರ್ಷಗಳಲ್ಲಿ ಕೈತಪ್ಪಿದ ಮಾರಾಟಗಳು ಹಲವು ಇವೆ. ಅವುಗಳಲ್ಲಿ 2023ರಲ್ಲಿ ಮುರಿದುಬಿದ್ದ ಒಂದು ಮಾರಾಟ ಮಾತ್ರ ನನ್ನ ಕೆಲಸದ ಕ್ರಮವನ್ನೇ ಬದಲಾಯಿಸಿತು. ಅದು ಮುರಿದದ್ದಕ್ಕೆ ನಾನೇ ಕಾರಣ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ.

ಹಳ್ಳಿಯ ಅಂಚಿನಲ್ಲಿದ್ದ ಅದು ನಾಲ್ಕು ಮಲಗುವ ಕೋಣೆಗಳ ಡಿಟ್ಯಾಚ್ಡ್ ಮನೆ. ಡಿಟ್ಯಾಚ್ಡ್ ಎಂದರೆ ಯಾವ ಗೋಡೆಯನ್ನೂ ಪಕ್ಕದವರೊಂದಿಗೆ ಹಂಚಿಕೊಳ್ಳದ ಬಿಡಿ ಮನೆ. ನಮ್ಮ ಊರಿನ ಕಡೆ ಬಹುತೇಕ ಮನೆಗಳು ಹಾಗೆಯೇ ಇರುವುದರಿಂದ ಅದಕ್ಕೊಂದು ವಿಶೇಷ ಹೆಸರು ಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಆದರೆ ಸಾಲುಮನೆಗಳೂ ಒಂದು ಗೋಡೆ ಹಂಚಿಕೊಂಡ ಜೋಡಿಮನೆಗಳೂ ತುಂಬಿರುವ ಈ ದೇಶದಲ್ಲಿ ಆ ಒಂದು ಪದಕ್ಕೇ ಬೆಲೆಯಿದೆ. 1970ರ ದಶಕದಲ್ಲಿ ಕಟ್ಟಿದ ಮನೆ, ಮುಂಭಾಗಕ್ಕೆ ಜೇನುಬಣ್ಣದ ಸುಣ್ಣಕಲ್ಲು, ಹಿಂದೆ ಸೇಬಿನ ಮರಗಳಿರುವ ಇಳಿಜಾರಿನ ತೋಟ, ತೋಟದ ಕೊನೆಯಲ್ಲಿ ಹಾಥಾರ್ನ್ ಬೇಲಿ, ಅದರಾಚೆ ಒಂದು ಹಳ್ಳ. ಮಾರುತ್ತಿದ್ದವರು ಎಪ್ಪತ್ತೆಂಟು ವರ್ಷದ ಒಬ್ಬ ತಾಯಿ. ಮೂವತ್ತೊಂದು ವರ್ಷ ಅಲ್ಲಿ ಬಾಳಿದ್ದರು, ಹಿಂದಿನ ವರ್ಷ ಗಂಡ ತೀರಿಕೊಂಡಿದ್ದರು. ವುಸ್ಟರ್‌ಶೈರ್‌ನ ಮಾಲ್ವರ್ನ್‌ನಲ್ಲಿ ಮಗಳ ಮನೆಯಿಂದ ಐದು ನಿಮಿಷ ನಡೆದರೆ ಸಿಗುವ ಬಂಗಲೋ ಒಂದನ್ನು, ಎಂದರೆ ಮಹಡಿಯಿಲ್ಲದ ಮನೆಯೊಂದನ್ನು, ಅವರು ನೋಡಿಟ್ಟುಕೊಂಡಿದ್ದರು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಾನು ಹೋದಾಗ ಅವರು ಚಹಾ ಮಾಡಿಕೊಟ್ಟು, ಅಡುಗೆಮನೆಯ ಮೇಜಿನ ಮೇಲೆ ದಪ್ಪನೆಯ ನೀಲಿ ಕಡತವೊಂದನ್ನು ಇಟ್ಟರು. "ಇದೆಲ್ಲ ನಮ್ಮವರು ಜೋಡಿಸಿಟ್ಟದ್ದು. ಬಾಯ್ಲರ್‌ನದು, ಕಿಟಕಿಯದು, ಎಲ್ಲವೂ ಇದರಲ್ಲಿದೆ, ನಿಮಗೆ ಬೇಕಾಗಬಹುದು" ಎಂದರು. ಹಳ್ಳಿಗೆ ಕೊಳವೆ ಗ್ಯಾಸ್ ಇಲ್ಲ, ಊರಿನ ಚರಂಡಿಯೂ ಆ ಅಂಚಿನವರೆಗೆ ಬಂದಿಲ್ಲ ಎಂಬುದು ನನಗೆ ಗೊತ್ತಿತ್ತು. ಕೊಳಚೆಯ ಬಗ್ಗೆ ಕೇಳಿದೆ. "ಲೈಲಾಕ್ ಗಿಡದ ಕೆಳಗೆ ಟ್ಯಾಂಕ್ ಇದೆ, ಎರಡು ವರ್ಷಕ್ಕೊಮ್ಮೆ ಬಂದು ಖಾಲಿ ಮಾಡಿಕೊಂಡು ಹೋಗುತ್ತಾರೆ, ಒಂದು ದಿನವೂ ತೊಂದರೆ ಕೊಟ್ಟಿಲ್ಲ" ಎಂದರು. ಅವರು ತಮಗೆ ಗೊತ್ತಿದ್ದ ಸತ್ಯವನ್ನೇ ಹೇಳಿದರು. ನಾನು "ಖಾಸಗಿ ಒಳಚರಂಡಿ" ಎಂದು ಬರೆದುಕೊಂಡು, ಕಡತವನ್ನು ಸಾಲಿಸಿಟರಿಗೆ ಕೊಟ್ಟರೆ ಸಾಕೆಂದು ಹೇಳಿ, ಲೇಸರ್ ಅಳತೆಯ ಯಂತ್ರ ಹಿಡಿದು ಮಹಡಿ ಹತ್ತಿದೆ. ಆ ಕಡತವನ್ನು ತೆರೆಯಲಿಲ್ಲ. ತೋಟದ ಕೊನೆಯವರೆಗೂ ನಡೆಯಲಿಲ್ಲ.

ನನ್ನ ಅಜ್ಜನ ಊರು ತೀರ್ಥಹಳ್ಳಿಯ ಕಡೆಯದು. ಅಲ್ಲಿ ಯಾರಾದರೂ ಮನೆ ನೋಡಲು ಬಂದರೆ ಮೊದಲು ಕೇಳುತ್ತಿದ್ದದ್ದು ಬಾವಿಯಲ್ಲಿ ಬೇಸಿಗೆಗೆ ನೀರಿರುತ್ತದೆಯೇ, ಬಚ್ಚಲ ನೀರನ್ನು ಎಲ್ಲಿಗೆ ಬಿಟ್ಟಿದ್ದೀರಿ ಎಂದು. ಬಚ್ಚಲ ನೀರು ಬಾಳೆಬುಡಕ್ಕೆ ಹೋಗಬೇಕು, ಬಾವಿಯ ಕಡೆಗೆ ಹೋಗಬಾರದು ಎಂಬುದು ಮಕ್ಕಳಿಗೂ ಗೊತ್ತಿದ್ದ ವಿಚಾರ. ಇಂಥ ಮನೆಯಲ್ಲಿ ಬೆಳೆದ ನಾನು, ಇಂಗ್ಲೆಂಡಿನ ಹಳ್ಳಿಯಲ್ಲಿ ಆ ಪ್ರಶ್ನೆಯ ಅರ್ಧವನ್ನಷ್ಟೇ ಕೇಳಿ ಸುಮ್ಮನಾದೆ.

ಹದಿನಾರು ದಿನಗಳಲ್ಲಿ 6,75,000 ಪೌಂಡಿಗೆ ಮಾತು ಕುದುರಿತು. ಕೊಳ್ಳುವವರು ರೀಡಿಂಗ್ ಪಟ್ಟಣದ ಒಂದು ಕುಟುಂಬ, ಇಬ್ಬರು ಶಾಲೆಗೆ ಹೋಗುವ ಮಕ್ಕಳು. ಅವರ ಮನೆಯನ್ನು ಕೊಳ್ಳಲು ಮೊದಲ ಬಾರಿಗೆ ಮನೆ ಮಾಡುತ್ತಿದ್ದ ಯುವ ದಂಪತಿ ಸಿದ್ಧರಿದ್ದರು. ಹೀಗೆ ಆ ದಂಪತಿ, ರೀಡಿಂಗ್ ಕುಟುಂಬ, ಮನೆ ಮಾರುತ್ತಿದ್ದ ತಾಯಿ, ಮಾಲ್ವರ್ನ್‌ನ ಬಂಗಲೋ ಮಾಲೀಕರು, ಎಲ್ಲರೂ ಒಂದೇ ಸರಪಣಿಯಲ್ಲಿ ಸೇರಿಕೊಂಡರು. ಇಲ್ಲಿನವರು ಇದನ್ನು ಚೈನ್ ಎನ್ನುತ್ತಾರೆ. ನಮ್ಮಲ್ಲಿ ಮುಂಗಡ ಕೊಟ್ಟು ಅಗ್ರಿಮೆಂಟ್ ಬರೆಸಿಕೊಂಡರೆ ಮಾತಿಗೊಂದು ಕಟ್ಟು ಬೀಳುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬೆಲೆ ಒಪ್ಪಿದ ಮೇಲೂ ಅದು ಬರಿ ಮಾತೇ. ಎರಡೂ ಕಡೆಯ ಸಾಲಿಸಿಟರುಗಳು ಸಹಿಯಾದ ಕರಾರುಗಳನ್ನು ವಿನಿಮಯ ಮಾಡಿಕೊಂಡು, ಸಾಮಾನ್ಯವಾಗಿ ಬೆಲೆಯ ಶೇಕಡ 10ರಷ್ಟು ಠೇವಣಿ ಕೈಬದಲಾಗುವ ಎಕ್ಸ್‌ಚೇಂಜ್ ದಿನದವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಭೂವ್ಯವಹಾರದ ಕರಾರಿನ ಎಲ್ಲ ಷರತ್ತುಗಳೂ ಬರಹದಲ್ಲಿದ್ದು ಸಹಿಯಾಗಿರಬೇಕೆಂದು 1989ರ ಕಾಯಿದೆಯೇ ಹೇಳುತ್ತದೆ. ಆದ್ದರಿಂದ ಬೆಲೆ ಒಪ್ಪಿದ ದಿನದಿಂದ ಎಕ್ಸ್‌ಚೇಂಜ್‌ವರೆಗಿನ ವಾರಗಳಲ್ಲಿ ಹೊಸದಾಗಿ ಹೊರಬೀಳುವ ಪ್ರತಿಯೊಂದು ಸಂಗತಿಯೂ ಇಡೀ ಸರಪಣಿಯನ್ನು ಅಲುಗಾಡಿಸುತ್ತದೆ.

ಮೇ ತಿಂಗಳ ಕೊನೆಯಲ್ಲಿ ಕೊಳ್ಳುವವರ ಸರ್ವೇಯರ್, ಎಂದರೆ ಕೊಳ್ಳುವ ಮೊದಲು ಮನೆಯ ಸ್ಥಿತಿಗತಿ ಪರೀಕ್ಷಿಸುವವರು, ಬಂದರು. ಮೂರು ವಾರಗಳಿಂದ ಮಳೆಯಿರಲಿಲ್ಲ. ಅವರು ಲೈಲಾಕ್ ಗಿಡದ ಕೆಳಗಿನ ಮುಚ್ಚಳ ಎತ್ತಿ ನೋಡಿ, ನೆಲದ ಇಳಿಜಾರನ್ನು ಹಿಡಿದು ತೋಟದ ಕೊನೆಗೆ ಇಳಿದು, ಬೇಲಿಯ ಸಂದಿನಲ್ಲಿ ಬಗ್ಗಿ ನನ್ನನ್ನು ಕರೆದರು. ಹಳ್ಳದ ದಂಡೆಯಲ್ಲಿ ಜಾಳಾಗಿ ಬೆಳೆದ ಹುಲ್ಲಿನ ನಡುವೆ ನಾಲ್ಕು ಅಂಗುಲದ ಮಣ್ಣಿನ ಕೊಳವೆಯ ಬಾಯಿ ಕಾಣಿಸಿತು. ಅದರಿಂದ ತೊಟ್ಟಿಕ್ಕುತ್ತಿದ್ದ ನೀರಿನ ಕೆಳಗೆ, ಒಣಗಿದ ಹಳ್ಳದ ಕಲ್ಲುಗಳ ಮೇಲೆ, ಹತ್ತಿ ನೆನೆಸಿಟ್ಟಂತೆ ಬೂದುಬಿಳಿಯ ಲೋಳೆ ಹಬ್ಬಿತ್ತು. ಕೊಳಚೆ ನೇರವಾಗಿ ನೀರಿಗೆ ಸೇರುವ ಜಾಗದಲ್ಲಿ ಬೆಳೆಯುವ ಲೋಳೆ ಅದು. ಮಾರ್ಚ್‌ನಲ್ಲಿ ಹಳ್ಳ ತುಂಬಿ ಹರಿಯುತ್ತಿದ್ದಾಗ ಇದ್ಯಾವುದೂ ಕಾಣುತ್ತಿರಲಿಲ್ಲ, ವಾಸನೆಯೂ ಬರುತ್ತಿರಲಿಲ್ಲ. ಆದರೂ ಕೊಳವೆಯನ್ನು ಹುಡುಕಬಹುದಿತ್ತು.

ಸೆಪ್ಟಿಕ್ ಟ್ಯಾಂಕ್ ಮಲವನ್ನು ತಳಕ್ಕಿಳಿಸುತ್ತದೆಯೇ ಹೊರತು ನೀರನ್ನು ಶುದ್ಧ ಮಾಡುವುದಿಲ್ಲ. ಅದರಿಂದ ಹೊರಬಂದ ನೀರು ರಂಧ್ರಗಳಿರುವ ಕೊಳವೆಗಳ ಮೂಲಕ ಮಣ್ಣಿನಲ್ಲಿ ಇಂಗಬೇಕು, ಶುದ್ಧೀಕರಣದ ಉಳಿದ ಕೆಲಸವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಮಾಡಬೇಕು. ಸಣ್ಣ ಖಾಸಗಿ ಕೊಳಚೆ ವ್ಯವಸ್ಥೆಗಳಿಗೆ ಅನ್ವಯಿಸುವ ಇಂಗ್ಲೆಂಡಿನ ಸಾಮಾನ್ಯ ಬದ್ಧ ನಿಯಮಗಳ (ಜನರಲ್ ಬೈಂಡಿಂಗ್ ರೂಲ್ಸ್) ಪ್ರಕಾರ ಸೆಪ್ಟಿಕ್ ಟ್ಯಾಂಕಿನ ನೀರನ್ನು ನೇರವಾಗಿ ಹಳ್ಳಕ್ಕಾಗಲಿ ಹೊಳೆಗಾಗಲಿ ಬಿಡುವಂತಿಲ್ಲ, ಹಾಗಿರುವ ವ್ಯವಸ್ಥೆಗಳನ್ನು ಬದಲಿಸಲು 2020ರ ಜನವರಿ 1 ಗಡುವಾಗಿತ್ತು. ಇವೆಲ್ಲ ನನಗೆ ಓದಿ ಗೊತ್ತಿದ್ದ ವಿಷಯಗಳೇ. ನಾನು ಬರೆದ "ಖಾಸಗಿ ಒಳಚರಂಡಿ" ಎಂಬ ಎರಡು ಪದಗಳು ಸುಳ್ಳಲ್ಲ, ಆದರೆ ಕೊಳ್ಳುವವನ ತೀರ್ಮಾನಕ್ಕೆ ಬೇಕಾದ ಮುಖ್ಯ ಸಂಗತಿ ಅವುಗಳಲ್ಲಿರಲಿಲ್ಲ. ಆಗ ಜಾರಿಯಲ್ಲಿದ್ದ 2008ರ ಗ್ರಾಹಕ ರಕ್ಷಣಾ ನಿಯಮಗಳೂ, ಅವುಗಳ ಜಾಗಕ್ಕೆ 2025ರ ಏಪ್ರಿಲ್‌ನಲ್ಲಿ ಬಂದ ಹೊಸ ಕಾಯಿದೆಯೂ ಏಜೆಂಟನಾದವನು ಇಂಥ ಸಂಗತಿಯನ್ನು ಬಿಟ್ಟುಬಿಡಬಾರದೆಂದೇ ಹೇಳುತ್ತವೆ.

ಆಗ ಆ ನೀಲಿ ಕಡತವನ್ನು ತೆರೆದೆವು. ಕಿಟಕಿಗಳ ಪ್ರಮಾಣಪತ್ರ, ಬಾಯ್ಲರ್‌ನ ವಾರ್ಷಿಕ ರಸೀದಿಗಳು, ತೈಲದ ತೊಟ್ಟಿಯ ಬಿಲ್ಲು, ಇವುಗಳ ನಡುವೆ ಚೌಕುಳಿ ಹಾಳೆಯೊಂದರ ಮೇಲೆ 1992ರ ತಾರೀಖು ಹಾಕಿ ಪೆನ್ಸಿಲ್ಲಿನಲ್ಲಿ ಬರೆದ ನಕ್ಷೆ ಇತ್ತು. ಮನೆ, ಲೈಲಾಕ್, ಟ್ಯಾಂಕ್, ಅಲ್ಲಿಂದ ಬೇಲಿಯವರೆಗೆ ಒಂದು ಗೆರೆ, ಗೆರೆಯ ತುದಿಗೆ ಬಾಣದ ಗುರುತು, ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ "ಹಳ್ಳಕ್ಕೆ". ಮಾರ್ಚ್‌ನಲ್ಲಿ ನನ್ನ ಚಹಾದ ಬಟ್ಟಲಿನ ಪಕ್ಕದಲ್ಲೇ ಇದ್ದ ಹಾಳೆ ಅದು.

ಸರಿಪಡಿಸುವುದು ಸುಲಭವಾಗಲಿಲ್ಲ. ಸಣ್ಣ ಶುದ್ಧೀಕರಣ ಘಟಕ ಕೂರಿಸಿ ಅದರ ನೀರನ್ನು ಅದೇ ಹಳ್ಳಕ್ಕೆ ಬಿಡೋಣವೆಂದರೆ, ಹೊಸ ವ್ಯವಸ್ಥೆಯ ನೀರು ಸೇರುವ ಕಡೆ ಸಾಮಾನ್ಯವಾಗಿ ವರ್ಷವಿಡೀ ಹರಿವು ಇರಬೇಕು. ಈ ಹಳ್ಳ ಬೇಸಿಗೆಯಲ್ಲಿ ಒಣಗುತ್ತಿತ್ತು. ಹಾಗಾದರೆ ನೆಲದಲ್ಲೇ ಇಂಗಿಸಬೇಕು, ಅದಕ್ಕೆ ಇಂಗು ಪರೀಕ್ಷೆ ಆಗಬೇಕು. ಮುನ್ನೂರು ಮಿಲಿಮೀಟರ್ ಚೌಕದ ಗುಂಡಿ ತೋಡಿ, ನೀರು ತುಂಬಿ ರಾತ್ರಿಯಿಡೀ ಬಿಟ್ಟು, ಮರುದಿನ ಮತ್ತೆ ತುಂಬಿಸಿ, ಮುಕ್ಕಾಲು ಮಟ್ಟದಿಂದ ಕಾಲು ಮಟ್ಟಕ್ಕೆ ಇಳಿಯಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕುತ್ತಾರೆ. ಆ ತೋಟದ ಕೆಳಭಾಗ ಜೇಡಿಮಣ್ಣು. ಬೆಳಿಗ್ಗೆ ತುಂಬಿದ ನೀರು ಸಂಜೆಯ ಹೊತ್ತಿಗೂ ಬೆರಳೆರಡರಷ್ಟು ಇಳಿದಿರಲಿಲ್ಲ. ಪಕ್ಕದ ರೈತರ ಹುಲ್ಲುಗಾವಲಿನಲ್ಲಿ ಜಲ್ಲಿ ಮಿಶ್ರಿತ ಮಣ್ಣಿತ್ತು, ಅಲ್ಲಿ ನೀರು ಇಂಗಿತು. ರೈತರು ಒಳ್ಳೆಯವರು, ಒಪ್ಪಿದರು. ಆದರೆ ಅವರ ನೆಲದಡಿ ಕೊಳವೆ ಹಾಕುವ ಹಕ್ಕನ್ನು ಪತ್ರದ ಮೂಲಕ ಬರೆಸಿ ಭೂ ನೋಂದಣಿ ಇಲಾಖೆಯಲ್ಲಿ ದಾಖಲಿಸಬೇಕು, ಘಟಕಕ್ಕೆ ಯೋಜನಾ ಅನುಮತಿ ಮತ್ತು ಕಟ್ಟಡ ನಿಯಮಗಳ ಒಪ್ಪಿಗೆ ಪಡೆಯಬೇಕು. ಮೇಲೆ ನೋಡಿದರೆ ಯಾರ ಗೋಡೆಯನ್ನೂ ಮುಟ್ಟದೆ ನಿಂತ ಆ ಬಿಡಿ ಮನೆ, ನೆಲದೊಳಗೆ ಪಕ್ಕದವರ ಹೊಲಕ್ಕೂ ಕೆಳಗಿನ ಹೊಳೆಗೂ ಅಂಟಿಕೊಂಡೇ ಇತ್ತು.

ರೀಡಿಂಗ್ ಕುಟುಂಬ ತಾಳ್ಮೆಯಿಂದಲೇ ಕಾಯಿತು. ಕಾಯಲಾಗದೆ ಹೋದದ್ದು ಸರಪಣಿಯ ತುದಿಯಲ್ಲಿದ್ದ ಯುವ ದಂಪತಿಗೆ. ಬ್ಯಾಂಕ್ ಅವರಿಗೆ ಕೊಟ್ಟಿದ್ದ ಸಾಲದ ಒಪ್ಪಿಗೆಯ ಅವಧಿ ಆಗಸ್ಟ್‌ನಲ್ಲಿ ಮುಗಿಯಿತು, ಬಡ್ಡಿ ಏರುತ್ತಿದ್ದ ಆ ವರ್ಷ ಹೊಸ ಒಪ್ಪಿಗೆಯ ಕಂತು ಅವರ ಕೈಗೆ ಎಟುಕುವಂತಿರಲಿಲ್ಲ. ಅವರು ಹಿಂದೆ ಸರಿದರು, ರೀಡಿಂಗ್ ಕುಟುಂಬಕ್ಕೆ ತಮ್ಮ ಮನೆ ಮಾರಲಾಗಲಿಲ್ಲ, ಮಾಲ್ವರ್ನ್‌ನ ಬಂಗಲೋ ಮತ್ತೊಬ್ಬರ ಪಾಲಾಯಿತು. ಆ ಸುದ್ದಿಯನ್ನು ಫೋನಿನಲ್ಲಿ ಹೇಳಲು ಮನಸ್ಸಾಗದೆ ನಾನೇ ಹೋದೆ. ಆ ತಾಯಿ ಬಾಗಿಲಲ್ಲೇ ನನ್ನ ಮುಖ ನೋಡಿ, ಒಳಗೆ ಕರೆದು ಕೂರಿಸಿ, "ನಮ್ಮವರಿದ್ದಿದ್ದರೆ ನಿಮಗೆ ಮೊದಲೇ ಹೇಳುತ್ತಿದ್ದರು" ಎಂದರು. ನಾನು ಕ್ಷಮೆ ಕೇಳಿದೆ.

ಅಂದಿನಿಂದ ನನ್ನ ಕೆಲಸದ ಅನುಕ್ರಮವೇ ತಿರುಗಿತು. ಹಳ್ಳಿಮನೆಗೆ ಹೋದರೆ ಅಳತೆಗೂ ಫೋಟೋಗೂ ಮೊದಲು ಹೊರಗೆ ಹೋಗುತ್ತೇನೆ. ಕಾರಿನ ಹಿಂಭಾಗದಲ್ಲಿ ರಬ್ಬರ್ ಬೂಟು, ಮುಚ್ಚಳ ಎತ್ತುವ ಕೊಂಡಿ, ಟಾರ್ಚು ಸದಾ ಇರುತ್ತವೆ. ನೀರು ಹೊರಡುವ ಜಾಗದಿಂದ ಅದು ಮುಗಿಯುವ ಜಾಗದವರೆಗೆ ಮಾಲೀಕರನ್ನೂ ಜೊತೆಗೆ ಕರೆದುಕೊಂಡು ನಡೆಯುತ್ತೇನೆ. ಮನೆಯಲ್ಲಿ ಹಳೆಯ ಕಡತವಿದ್ದರೆ ಒಂದೊಂದು ಹಾಳೆಯನ್ನೂ ಅಲ್ಲಿಯೇ ಕುಳಿತು ನೋಡುತ್ತೇನೆ. ಮಾರುವವರು ತುಂಬಿಕೊಡಬೇಕಾದ ಆಸ್ತಿ ಮಾಹಿತಿಯ ನಮೂನೆಯನ್ನು ಕೊಳ್ಳುವವರು ಸಿಕ್ಕ ಮೇಲೆ ತುಂಬಿಸುವುದು ಇಲ್ಲಿನ ರೂಢಿ, ನಾನೀಗ ಜಾಹೀರಾತು ಹೊರಡುವ ಮೊದಲೇ ಸಾಲಿಸಿಟರ್ ಮೂಲಕ ತುಂಬಿಸುತ್ತೇನೆ. ಇದರಿಂದ ಮನೆ ಮಾರುಕಟ್ಟೆಗೆ ಬರುವುದು ಎರಡು ಮೂರು ವಾರ ತಡವಾಗುತ್ತದೆ, ಕೆಲವು ಮಾಲೀಕರು ಬೇಸರದಿಂದ ಬೇರೆ ಏಜೆಂಟರ ಬಳಿ ಹೋಗಿದ್ದೂ ಉಂಟು. ಹೋಗಲಿ ಎಂದು ಬಿಟ್ಟಿದ್ದೇನೆ. ಹಳ್ಳಿಯಲ್ಲಿ ಮನೆ ಕೊಳ್ಳಬೇಕೆಂದು ವಿಚಾರಿಸುವ ಇಲ್ಲಿನ ಕನ್ನಡಿಗ ಗೆಳೆಯರಿಗೂ ಅಡುಗೆಮನೆಯ ಅಗಲ ಕೇಳುವ ಮೊದಲು ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಿ ಎನ್ನುತ್ತೇನೆ.

ಆ ಮನೆಯ ಹೊಸ ಘಟಕ 2024ರ ವಸಂತದಲ್ಲಿ ಸಿದ್ಧವಾಯಿತು. ಅದಕ್ಕೆ ಹದಿನಾರು ಸಾವಿರ ಪೌಂಡಿನಷ್ಟು ಖರ್ಚಾಯಿತು, ಪೂರ್ತಿ ಆ ತಾಯಿಯ ಉಳಿತಾಯದಿಂದ. ಹಳೆಯದು ಏನಾಗಿತ್ತು, ಹೊಸದು ಹೇಗೆ ಕೆಲಸ ಮಾಡುತ್ತದೆ, ಕೊಳವೆ ಯಾರ ನೆಲದಡಿ ಹೋಗುತ್ತದೆ ಎಂಬುದನ್ನೆಲ್ಲ ವಿವರಪತ್ರದ ಮೊದಲ ಪುಟದಲ್ಲೇ ಬರೆದೆ. 6,60,000 ಪೌಂಡಿಗೆ ಮಾರಾಟವಾಯಿತು, ಬೆಲೆ ಒಪ್ಪಿದ ಮೇಲೆ ಯಾರೂ ಹೊಸ ಪ್ರಶ್ನೆ ಎತ್ತಲಿಲ್ಲ. ಮನೆ ಮಾರುವಾಗ ಕೊಳಚೆ ವ್ಯವಸ್ಥೆಯ ವಿವರವನ್ನು ಹೊಸ ಮಾಲೀಕರಿಗೆ ಬರಹದಲ್ಲಿ ಕೊಡಬೇಕೆಂಬ ನಿಯಮವಿದೆ. ಆ ತಾಯಿ ಅದನ್ನು ತಮ್ಮ ಕೈಬರಹದಲ್ಲೇ ಬರೆದು, ಗಂಡನ ಪೆನ್ಸಿಲ್ ನಕ್ಷೆಯನ್ನು ಮಾತ್ರ ತಮ್ಮಲ್ಲಿ ಇಟ್ಟುಕೊಂಡು, ನೀಲಿ ಕಡತವನ್ನು ಬೀಗದ ಕೈಯೊಂದಿಗೆ ನನಗೆ ಒಪ್ಪಿಸಿದರು. ಮಾಲ್ವರ್ನ್‌ನಲ್ಲಿ ಅವರಿಗೊಂದು ಬಂಗಲೋ ಸಿಕ್ಕಿತು. ಅದು ಊರಿನ ಇನ್ನೊಂದು ಬದಿಯಲ್ಲಿದೆ, ಮಗಳ ಮನೆಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ.