ಸರ್ವರ್‌ಗೆ ಎಷ್ಟು ವರ್ಷ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಒಂದು ಸಹಕಾರಿ ಸಂಘದ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನಾನೇ. 2023ರ ಜುಲೈಯಲ್ಲಿ ಒಂದು ದಿನ ಸೆಕ್ರೆಟರಿ ಕೇಳಿದರು, "ಈ ಸರ್ವರ್‌ಗೆ ಎಷ್ಟು ವರ್ಷ ಆಯ್ತು ಮಾರಾಯ್ರೆ? ಆಡಿಟಿನವರು ಕೇಳ್ತಾ ಇದ್ದಾರೆ."

ಇದೇನು ಮಹಾ ಅಂತ 'ಅಪ್‌ಟೈಮ್' ಕಮಾಂಡ್ ಹೊಡೆದೆ. 412 ದಿನ. "ಒಂದು ವರ್ಷ ಚಿಲ್ಲರೆ" ಅಂದೆ.

"ನಾನು ಇಲ್ಲಿಗೆ ಬಂದೇ ಮೂರು ವರ್ಷ ಆಯ್ತಲ್ಲ!"

ನಾಚಿಕೆ ಆಯಿತು. ಅದು ಕೊನೆಯ ಸಲ ಆನ್ ಆದಾಗಿನಿಂದಿನ ಲೆಕ್ಕ ಅಷ್ಟೇ, ಗೊತ್ತಿದ್ದೂ ಬಾಯಿಗೆ ಬಂದುಬಿಟ್ಟಿತು. ನಿಜ ಹೇಳಬೇಕೆಂದರೆ ಆ 412ರ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು, ಆದರೆ ಅಷ್ಟು ದಿನ ರೀಬೂಟ್ ಮಾಡಿಲ್ಲ ಅಂದರೆ ಹಾಕಿದ ಕರ್ನೆಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು) ಅಪ್‌ಡೇಟ್ ಒಂದೂ ಜಾರಿಗೆ ಬಂದಿಲ್ಲ ಅಂತಲೂ ಅರ್ಥ ಅಲ್ವಾ.

ಹಾರ್ಡ್ ಡಿಸ್ಕನ್ನು ಕೇಳೋಣ ಅಂತ 'ಸ್ಮಾರ್ಟ್‌ಸಿಟಿಎಲ್' ಅನ್ನುವ ಕಮಾಂಡ್ ಓಡಿಸಿದೆ. ಎಷ್ಟು ಗಂಟೆ ಕರೆಂಟಿನಲ್ಲಿತ್ತು ಅಂತ ಡಿಸ್ಕೇ ಬರೆದಿಟ್ಟುಕೊಂಡಿರುತ್ತದೆ. ಒಂದರಲ್ಲಿ 19 ಸಾವಿರ ಚಿಲ್ಲರೆ, ಅದು ನಾನೇ ಬದಲಿಸಿದ ಡಿಸ್ಕು. ಇನ್ನೊಂದರಲ್ಲಿ 61,352. ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಸರಿಯಾಗಿ ಏಳು ವರ್ಷ. ಸಿಕ್ಕಿತು ಅಂದುಕೊಂಡೆ.

ಸೆಕ್ರೆಟರಿಗೆ ನಂಬಿಕೆ ಬರಲಿಲ್ಲ. ಕಪಾಟಿನಿಂದ ಹಳೇ ಸ್ಟಾಕ್ ರಿಜಿಸ್ಟರ್ ತೆಗೆದು ನನ್ನ ಮುಂದಿಟ್ಟರು. ಹಿಂದಿನ ಪುಟಗಳೆಲ್ಲ ಕನ್ನಡ, ಈಚಿನವು ಮಲಯಾಳ. ಅವರಿಗೆ ಕನ್ನಡ ಮಾತಾಡಲು ಚೆನ್ನಾಗಿ ಬರುತ್ತದೆ, ಓದಲು ಇಲ್ಲ. ಹಾಗಾಗಿ ನಾನೇ ಬೆರಳಿಟ್ಟು ಓದುತ್ತಾ ಹೋದೆ: ಕುರ್ಚಿ, ತಕ್ಕಡಿ, ಫ್ಯಾನು, ಆಮೇಲೆ "ಸರ್ವರ್ 1". 2013, ಜೂನ್.

ಹತ್ತು ವರ್ಷ! ಹಾಗಾದರೆ ಮೂರು ವರ್ಷದ ಗಂಟೆಗಳು ಎಲ್ಲಿ ಹೋದವು?

ಚಹಾ ತಂದ ಅಟೆಂಡರ್ ಅಣ್ಣ ಕೇಳಿಸಿಕೊಂಡು ಹೇಳಿದರು, "ಮೊದಲು ನಾಲ್ಕೈದು ವರ್ಷ ಸಂಜೆ ಆಫ್ ಮಾಡಿಯೇ ಹೋಗುವುದಿತ್ತಲ್ಲ. ಗುಡುಗು ಸಿಡಿಲು ಬಂದ್ರೆ ಕಷ್ಟ ಅಂತ ಪ್ಲಗ್ಗೂ ಎಳೆದಿಡುತ್ತಿದ್ದೆ."

ಆಫ್ ಇದ್ದದ್ದು ದಿನಕ್ಕೆ ಹದಿನಾಲ್ಕು ಗಂಟೆ, ಮೇಲೆ ಭಾನುವಾರಗಳು. ಲೆಕ್ಕ ಹಾಕಿದೆ, ಹೆಚ್ಚುಕಡಿಮೆ ಕೂಡಿತು.

ಆಡಿಟಿಗೆ 2013 ಅಂತ ಬರೆದುಕೊಟ್ಟೆವು. ಸಂಜೆ ಕೌಂಟರ್ ಮುಚ್ಚಿದ ಮೇಲೆ ನಾನು ಬ್ಯಾಕಪ್ ತೆಗೆದು ರೀಬೂಟ್ ಕೊಟ್ಟೆ. ಹತ್ತು ವರ್ಷದ ಹಳೇ ಮಿಷನ್, ಮತ್ತೆ ಏಳುತ್ತದೋ ಇಲ್ಲವೋ ಅಂತ ಎದೆ ಡವಡವ. ಅಣ್ಣ ಬೀಗ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು.

"ಬಂತಾ?"

"ಬಂತು ಅಣ್ಣ. ಒಂದು ನಿಮಿಷ ಆಯ್ತು."